ಆದೇಶ ಹೊರಟಿತು, ಕವಾಟ ಮುಚ್ಚಿತೇ?

ನಮ್ಮ ಊರುಗಳ ಕೆರೆಗಳಲ್ಲಿ ತೂಬನ್ನು ತೆರೆದು ಮುಚ್ಚುವ ಹೊಣೆ ನೀರುಗಂಟಿಯದಾಗಿತ್ತು. ತೂಬಿನ ರಂಧ್ರಕ್ಕೆ ಹೊಂದುವ ಒಂದು ಬಿರಡೆ, ಅದನ್ನು ಮೇಲಿನಿಂದ ಎತ್ತಲು ಒಂದು ದಂಡ. ಅದರ ಯಂತ್ರಶಾಸ್ತ್ರ ಇಷ್ಟೇ. ತೈಲ ಸಂಸ್ಕರಣಾಗಾರ, ರಸಗೊಬ್ಬರ ಕಾರ್ಖಾನೆ, ಉಷ್ಣವಿದ್ಯುತ್ ಸ್ಥಾವರಗಳಲ್ಲಿ ಉಗಿ, ಅನಿಲ, ಆಮ್ಲಗಳ ಹರಿವನ್ನು ಹತೋಟಿಯಲ್ಲಿಡುವ ನಿಯಂತ್ರಣ ಕವಾಟ, ಅಂದರೆ ಕಂಟ್ರೋಲ್ ವಾಲ್ವ್, ಮೂಲತಃ ಇದೇ ತತ್ತ್ವದ್ದು. ಆದರೆ ಇಲ್ಲಿ ನೀರುಗಂಟಿಯ ಸ್ಥಾನದಲ್ಲಿ ಗಣಕಯಂತ್ರ ಕುಳಿತಿದೆ. ನೀರುಗಂಟಿ ತೂಬೆತ್ತಿದ ಮೇಲೆ ಕಾಲುವೆಯಗುಂಟ ನಡೆದು, ನೀರು ಗದ್ದೆ ತಲುಪಿತೇ ಎಂದು ಕಣ್ಣಾರೆ ನೋಡುತ್ತಿದ್ದ. ಗಣಕಯಂತ್ರದ ಪರವಾಗಿ ಹಾಗೆ ಹೋಗಿ ನೋಡುವವರು ಯಾರು? ಕೈಗಾರಿಕಾ ಸುರಕ್ಷತೆಯ ಬಹುಪಾಲು ಈ ಪ್ರಶ್ನೆಯಲ್ಲಡಗಿದೆ.

ಈ ಕವಾಟ ಕೆಲಸ ಮಾಡುವ ಬಗೆ ಸರಳ. ನಿಯಂತ್ರಣ ಕೊಠಡಿಯಿಂದ ಸಾಮಾನ್ಯವಾಗಿ 4ರಿಂದ 20 ಮಿಲಿಆಂಪಿಯರ್‌ನಷ್ಟು ಸಣ್ಣ ವಿದ್ಯುತ್ ಸಂಕೇತ ಹೊರಡುತ್ತದೆ. ಕವಾಟಕ್ಕೆ ಜೋಡಿಸಿದ ಪೊಸಿಷನರ್ ಎಂಬ ಉಪಕರಣ ಅದಕ್ಕನುಗುಣವಾಗಿ ಗಾಳಿಯ ಒತ್ತಡವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆ ಗಾಳಿ ರಬ್ಬರಿನ ಡಯಾಫ್ರಮ್ ಅನ್ನು ಒತ್ತಿ, ಸ್ಪ್ರಿಂಗ್‌ನ ಬಲವನ್ನು ಮೀರಿ ದಂಡವನ್ನು ಸರಿಸುತ್ತದೆ. ದಂಡದ ತುದಿಯ ಬಿರಡೆ ತನ್ನ ಪೀಠದಿಂದ ಏಳುತ್ತದೆ ಅಥವಾ ಅದರ ಮೇಲೆ ಕೂರುತ್ತದೆ. ಗಾಳಿಯೇ ನಿಂತುಹೋದರೆ ಸ್ಪ್ರಿಂಗ್ ತಾನಾಗಿ ಕವಾಟವನ್ನು ಸುರಕ್ಷಿತ ಸ್ಥಿತಿಗೆ ತರಬೇಕು. ಇಂಧನದ ಕವಾಟವಾದರೆ ಮುಚ್ಚಬೇಕು, ತಂಪುನೀರಿನದಾದರೆ ತೆರೆಯಬೇಕು.

ಕೆಡುವುದಕ್ಕೆ ಇಲ್ಲಿ ಹತ್ತು ದಾರಿಗಳಿವೆ. ರಭಸದ ಹರಿವಿನಿಂದ ಬಿರಡೆಯೂ ಪೀಠವೂ ಸವೆದು, ಮುಚ್ಚಿದ ಕವಾಟವೂ ಸೋರುತ್ತದೆ. ದಂಡದ ಸುತ್ತಲಿನ ಪ್ಯಾಕಿಂಗ್ ಸಡಿಲವಾದರೆ ಅನಿಲ ಹೊರಬರುತ್ತದೆ. ಸೋರಿಕೆ ನಿಲ್ಲಿಸಲು ಅತಿಯಾಗಿ ಬಿಗಿದರೆ ದಂಡವೇ ಅಂಟಿಕೊಂಡು, ಸಂಕೇತ ಬಂದರೂ ಕದಲದೆ ನಿಂತು, ಆಮೇಲೆ ಥಟ್ಟನೆ ಜಿಗಿಯುತ್ತದೆ. ಗಾಳಿಯಲ್ಲಿ ತೇವ ಅಥವಾ ಎಣ್ಣೆಯಂಶವಿದ್ದರೆ ಪೊಸಿಷನರ್‌ನ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ. ದುರಸ್ತಿಯೆಂದರೆ ಕೊಳವೆ ಮಾರ್ಗವನ್ನು ಪ್ರತ್ಯೇಕಿಸಿ, ಒತ್ತಡ ಇಳಿಸಿ, ಬೀಗ ಹಾಕಿ, ಕವಾಟವನ್ನು ಬಿಚ್ಚಿ, ಬಿರಡೆ ಮತ್ತು ಪೀಠವನ್ನು ಪರಸ್ಪರ ಉಜ್ಜಿ ಹೊಂದಿಸಿ, ಹೊಸ ಪ್ಯಾಕಿಂಗ್ ತುಂಬಿ, ಶೇ 0, 25, 50, 75, 100ರ ಸಂಕೇತ ಕೊಟ್ಟು ದಂಡ ಅಷ್ಟಷ್ಟೇ ಚಲಿಸುತ್ತದೆಯೇ ಎಂದು ಅಳೆಯುವುದು. ತಾಳ್ಮೆ ಬೇಡುವ ಕೆಲಸ. ಇದಕ್ಕೆ ಉದ್ಘಾಟನೆಯಿಲ್ಲ, ಶಿಲಾಫಲಕವಿಲ್ಲ.

ಈ ತಾಳ್ಮೆ ತಪ್ಪಿದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರ ಸಾಕ್ಷಿ. 1979ರ ಮಾರ್ಚ್ 28ರ ನಸುಕಿನಲ್ಲಿ ಅಲ್ಲಿ ಒತ್ತಡ ಇಳಿಸುವ ಕವಾಟವೊಂದು ತೆರೆದುಕೊಂಡಿತು, ಮತ್ತೆ ಮುಚ್ಚಲಿಲ್ಲ. ನಿಯಂತ್ರಣ ಕೊಠಡಿಯ ದೀಪ ಮಾತ್ರ ಆರಿತ್ತು. ಆ ದೀಪ ಹೇಳುತ್ತಿದ್ದುದು ಕವಾಟದ ನಿಜಸ್ಥಿತಿಯನ್ನಲ್ಲ. ‘ಮುಚ್ಚು’ ಎಂಬ ಆಜ್ಞೆ ಹೋಗಿದೆ ಎಂಬುದನ್ನಷ್ಟೆ. ಕವಾಟದಾಚೆಯ ಕೊಳವೆ ಬಿಸಿಯೇರಿದ್ದು ಕಂಡಿತ್ತು. ಆದರೆ ಆ ಕವಾಟ ಮೊದಲಿನಿಂದಲೂ ಸ್ವಲ್ಪ ಸೋರುತ್ತಿದ್ದುದರಿಂದ ಅದು ಮಾಮೂಲೆನಿಸಿತು. ಎರಡು ಗಂಟೆಗೂ ಹೆಚ್ಚು ಕಾಲ ತಂಪುಕಾರಕ ನೀರು ಹರಿದುಹೋಗಿ, ಸ್ಥಾವರದ ಗರ್ಭದ ಸುಮಾರು ಅರ್ಧಭಾಗ ಕರಗಿತು.

ಕಡತಗಳ ನಡುವೆ ದಶಕಗಳನ್ನು ಕಳೆದ ನನಗೆ ಆ ದೀಪ ಚಿರಪರಿಚಿತ. ಸುತ್ತೋಲೆ ಹೊರಟ ದಿನವೇ ಕೆಲಸ ಮುಗಿಯಿತೆಂದು ಬರೆದುಕೊಳ್ಳುವ ಆಡಳಿತವೂ ಇಂಥದೇ ದೀಪವನ್ನು ನೋಡುತ್ತಿರುತ್ತದೆ. ಆಜ್ಞೆಗೂ ಅನುಷ್ಠಾನಕ್ಕೂ ನಡುವೆ ಒಂದು ದಂಡವಿದೆ. ಅದು ತುಕ್ಕು ಹಿಡಿಯಬಲ್ಲದು.

ದುರಸ್ತಿ ಮಾಡಿದರೂ ಸಾಲದು, ಮಾಡುತ್ತಿರುವುದು ಮುಂದಿನವರಿಗೆ ತಿಳಿಯಬೇಕು. ಸ್ಕಾಟ್ಲೆಂಡಿನಾಚೆ ಉತ್ತರ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 1988ರ ಜುಲೈ 6ರಂದು ಒಂದು ಪಂಪಿನ ಸುರಕ್ಷತಾ ಕವಾಟವನ್ನು ದುರಸ್ತಿಗೆಂದು ಬಿಚ್ಚಿ, ಆ ಜಾಗಕ್ಕೆ ಮುಚ್ಚಳ ಹಾಕಲಾಗಿತ್ತು. ಪಾಳಿ ಬದಲಾದಾಗ ಈ ಸಂಗತಿ ರಾತ್ರಿಯವರಿಗೆ ತಲುಪಲಿಲ್ಲ. ಇನ್ನೊಂದು ಪಂಪು ಕೈಕೊಟ್ಟಾಗ ಅವರು ಇದನ್ನೇ ಚಾಲೂ ಮಾಡಲು ಹೊರಟರು. ಲಾರ್ಡ್ ಕಲ್ಲೆನ್ ತನಿಖೆಯ ಪ್ರಕಾರ, ಸೋರಿಕೆ ಆದದ್ದು ಬಿಗಿಯಾಗಿರದ ಆ ಮುಚ್ಚಳದಿಂದ. ಸತ್ತವರು 167 ಜನ. ಕೆಲಸದ ಪರವಾನಗಿ ಚೀಟಿ ಅವರ ಕಣ್ಣಿಗೆ ಬಿದ್ದಿದ್ದರೆ ಪಂಪಿನ ತಂಟೆಗೆ ಹೋಗುತ್ತಿರಲಿಲ್ಲ. ‘ಬರೀ ಕಾಗದ’ ಎಂದು ಮೂಗು ಮುರಿಯುವವರು ಇದನ್ನು ನೆನಪಿಡಬೇಕು.

ದೂರದ ಮಾತು ಇರಲಿ. ಅಣೆಕಟ್ಟೆಯ ಗೇಟು ಕೂಡ ಹರಿವನ್ನು ತಡೆಯುವ ಒಂದು ಬೃಹತ್ ಕವಾಟವೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ, ಗೇಟೇ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಫಲಕಗಳನ್ನು ಕೂರಿಸಿದ ತಂತ್ರಜ್ಞರ, ಕಾರ್ಮಿಕರ ಸಾಹಸವನ್ನು ನಾಡು ಕೊಂಡಾಡಿತು, ಅದು ಯೋಗ್ಯವೇ. ಆದರೆ ತುಂಬಿದ ಜಲಾಶಯದಲ್ಲಿ ಸರಪಳಿ ತುಂಡಾಗುವ ತನಕ ಅದರ ಸವೆತ ಸುದ್ದಿಯಾಗಲಿಲ್ಲ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ನಾವು ಪಳಗಿದವರು.

ಇದಕ್ಕೆ ಅಲಕ್ಷ್ಯವೊಂದೇ ಕಾರಣವಲ್ಲ. ಲೆಕ್ಕ ಬರೆಯುವ ಕ್ರಮದಲ್ಲೇ ಒಂದು ವಕ್ರತೆಯಿದೆ. ಹೊಸ ಯಂತ್ರ ಕೊಂಡರೆ ಅದು ಬಂಡವಾಳ ಹೂಡಿಕೆ, ಪ್ರಗತಿಯ ಸೂಚಕ. ಇರುವ ಯಂತ್ರದ ವಾಡಿಕೆಯ ನಿರ್ವಹಣೆ ಕೇವಲ ಚಾಲ್ತಿ ವೆಚ್ಚ. ಸರ್ಕಾರದ ಬಜೆಟ್ಟಿನಲ್ಲಿ ಅದು ರಾಜಸ್ವ ಬಾಬ್ತಿಗೆ ಸೇರುತ್ತದೆ. ರಾಜಸ್ವ ಕೊರತೆ ತಗ್ಗಿಸಬೇಕೆಂದಾಗ ಸಂಬಳವನ್ನಾಗಲಿ, ಬಡ್ಡಿಯನ್ನಾಗಲಿ, ನನ್ನಂಥವರ ಪಿಂಚಣಿಯನ್ನಾಗಲಿ ಮುಟ್ಟುವಂತಿಲ್ಲ. ಕತ್ತರಿ ಬೀಳುವುದು ನಿರ್ವಹಣೆಗೇ. ಖಾಸಗಿ ಕಾರ್ಖಾನೆಯಲ್ಲಿ ದುರಸ್ತಿಗಾಗಿ ಸ್ಥಾವರ ನಿಲ್ಲಿಸಿದ ಪ್ರತಿ ದಿನವೂ ನಷ್ಟವಾಗಿ ಕಾಣುತ್ತದೆ. ಆಗದೆ ಹೋದ ಅಪಘಾತದ ಲಾಭ ಯಾವ ಲೆಕ್ಕಪುಸ್ತಕದಲ್ಲೂ ಕಾಣುವುದಿಲ್ಲ.

ಪರಿಹಾರ ದುಬಾರಿಯೇನಲ್ಲ. ಅಪಾಯಕಾರಿ ವಸ್ತುಗಳನ್ನು ಬಳಸುವ ಪ್ರತಿ ಘಟಕವೂ ತನ್ನ ಮುಖ್ಯ ಕವಾಟಗಳನ್ನು ಕೊನೆಯ ಬಾರಿ ಯಾವಾಗ ಚಲಾಯಿಸಿ ಪರೀಕ್ಷಿಸಿತೆಂಬ ವಹಿಯನ್ನು ತಪಾಸಣಾಧಿಕಾರಿಗೆ ತೋರಿಸಬೇಕು. ಅಧಿಕಾರಿಯು ವಹಿಗೆ ಸಹಿ ಹಾಕಿ ಹೊರಡದೆ, ಒಂದೆರಡು ಕವಾಟಗಳನ್ನಾದರೂ ತನ್ನೆದುರಿಗೇ ಚಲಾಯಿಸಿ ನೋಡಬೇಕು. ಪರದೆಯ ಮೇಲಿನ ದೀಪ ಆಜ್ಞೆಯನ್ನಲ್ಲ, ದಂಡದ ನಿಜಸ್ಥಾನವನ್ನು ತೋರಿಸಬೇಕು. ನಿರ್ವಹಣೆಗೆಂದು ಇಟ್ಟ ಹಣವನ್ನು ವರ್ಷದ ನಡುವೆ ಬೇರೆಡೆಗೆ ತಿರುಗಿಸಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಈ ಕೆಲಸವನ್ನು ಅತಿ ಕಡಿಮೆ ದರ ಕೂಗಿದ ಗುತ್ತಿಗೆದಾರನ ದಿನಗೂಲಿಗೆ ಬಿಡುವ ಬದಲು, ಐಟಿಐಗಳಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ತರಬೇತಿ ಪಡೆದ ತರುಣರಿಗೆ ಕಾಯಂ ಉದ್ಯೋಗವಾಗಿ ಕೊಡಬೇಕು. ಕವಾಟದ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಬಲ್ಲ ಕೈ ಒಂದೆರಡು ವರ್ಷಗಳಲ್ಲಿ ತಯಾರಾಗುವುದಿಲ್ಲ. ನೀರುಗಂಟಿಗೆ ಊರು ಸುಮ್ಮನೆ ಧಾನ್ಯ ಅಳೆದು ಕೊಡುತ್ತಿರಲಿಲ್ಲ. ಅವನು ತೂಬಿನ ಬಳಿ ಇರುತ್ತಾನೆಂಬ ಭರವಸೆಗಾಗಿ ಕೊಡುತ್ತಿತ್ತು.