ಪಿತ್ತಕೋಶ ತೆಗೆದರೂ ಪಿತ್ತರಸ ನಿಲ್ಲದು

ಮಹಾರಾಷ್ಟ್ರದ ವಾರಣಾ ನದಿಯ ಸೀಮೆಯ ಸಮಡೋಳಿಯವರಿಗೆ ದೊಡ್ಡ ದವಾಖಾನೆ ಎಂದರೆ ಸಾಂಗಲಿ, ಇಲ್ಲವೇ ಮಿರಜ. ಮಿರಜದಲ್ಲಿ ಡಾ. ವಿಲಿಯಂ ವಾನ್‌ಲೆಸ್ 1894ರಲ್ಲಿ ಆಸ್ಪತ್ರೆ ತೆರೆದರು. ಗಡಿಯಾಚೆಯ ಕನ್ನಡದ ಹಳ್ಳಿಗಳಿಂದಲೂ ಜನ ಮಿರಜಕ್ಕೆ ಹೋಗುತ್ತಾರೆ. ಚಿಕಿತ್ಸೆ ಇಷ್ಟು ಹತ್ತಿರವಿದ್ದರೂ ಹರಳಾದ ಪಿತ್ತಕೋಶ ತೆಗೆಯುವ ಆಪರೇಷನ್ ಎಂದೊಡನೆ ಮನೆಮಂದಿ ಹಿಂಜರಿಯುತ್ತಾರೆ.

‘ಚೀಲಾನ ತಗದ್ರ ಉಂಡದ್ದು ಪಚನ ಆಗೂದು ಹೆಂಗ?’ ಎಲ್ಲಕ್ಕಿಂತ ದೊಡ್ಡ ಭಯ ಇದೇ. ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ, ದಿನಕ್ಕೆ ಸುಮಾರು ಅರ್ಧದಿಂದ ಒಂದು ಲೀಟರ್. ಪಿತ್ತಕೋಶ ಅದನ್ನು ಗಟ್ಟಿ ಮಾಡಿ 30–50 ಮಿಲಿಲೀಟರಿನಷ್ಟು ಕೂಡಿಟ್ಟುಕೊಂಡು, ಜಿಡ್ಡಿನ ಊಟ ಬಂದಾಗ ಕರುಳಿಗೆ ಬಿಡುತ್ತದೆ. ಅದನ್ನು ತೆಗೆದ ಮೇಲೆ ರಸ ನೇರವಾಗಿ ಕರುಳಿಗೆ ಇಳಿಯುತ್ತದೆ. ಕೆಲವರಿಗೆ ಆರಂಭದಲ್ಲಿ ಭೇದಿಯಾಗಬಹುದು, ಹೆಚ್ಚಿನವರಲ್ಲಿ ಅದು ಕೆಲವು ವಾರಗಳಲ್ಲಿ ತಗ್ಗುತ್ತದೆ. ಜನ್ಮವಿಡೀ ತುಪ್ಪ ಬಿಡಬೇಕು ಎಂಬುದೂ ಸುಳ್ಳು. ಮೊದಮೊದಲು ಎಣ್ಣೆ-ತುಪ್ಪ ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಉಂಡು, ಹೊಟ್ಟೆ ಒಪ್ಪಿದಂತೆ ಮಾಮೂಲಿ ಊಟಕ್ಕೆ ಮರಳಬಹುದು.

‘ಹರಳಷ್ಟ ತಗೀರಿ, ಚೀಲ ಇರ್ಲಿ’ ಎಂದೂ ಕೆಲವರು ಕೇಳುತ್ತಾರೆ. ಹರಳು ಹುಟ್ಟಿದ್ದೇ ಆ ಚೀಲದಲ್ಲಿ. ಅದನ್ನು ಉಳಿಸಿದರೆ ಮತ್ತೆ ಹರಳಾಗುವ ಸಂಭವ ಹೆಚ್ಚು. ಮೂತ್ರಪಿಂಡದ ಸಣ್ಣ ಹರಳು ಮೂತ್ರದೊಡನೆ ಹೊರಬಿದ್ದಂತೆ ಇದು ನೀರು ಕುಡಿದರೆ ಬೀಳುವುದಿಲ್ಲ. ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆಯೋ ಮೇದೋಜೀರಕ ಗ್ರಂಥಿಯ ಊತವೋ ಬರಬಹುದು. ಆಲಿವ್ ಎಣ್ಣೆ, ನಿಂಬೆರಸ ಕುಡಿದು ಮಲದಲ್ಲಿ ಕಂಡ ಹಸಿರು ಗಂಟುಗಳನ್ನು ‘ಹರಳು’ ಎಂದು ತೋರಿಸುವವರಿದ್ದಾರೆ. ಅವು ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಹೆಪ್ಪುಗಟ್ಟಿದ ಮುದ್ದೆಗಳು.

ಉಪವಾಸದಿಂದ ಹರಳು ಕರಗುತ್ತದೆ ಎಂಬ ನಂಬಿಕೆಯ ಬಗ್ಗೆ ಇಲ್ಲಿ ಬಿಡಿಸಿ ಹೇಳಲೇಬೇಕು. 1924ರಲ್ಲಿ ಜೈನ ಮುನಿ ಶಾಂತಿಸಾಗರರಿಗೆ ಆಚಾರ್ಯ ಪದವಿ ದೊರೆತ ಊರು ಸಮಡೋಳಿ. ಈ ಭಾಗದ ಜೈನ ಮನೆಗಳಲ್ಲಿ ಉಪವಾಸಕ್ಕೆ ದೊಡ್ಡ ಗೌರವವಿದೆ. ಸೂರ್ಯಾಸ್ತದ ಮೊದಲು ಉಣ್ಣುವುದರಿಂದ ತೊಂದರೆಯಿಲ್ಲ. ಆದರೆ ದಿನಗಟ್ಟಲೆ ಏನೂ ತಿನ್ನದಿದ್ದರೆ ಪಿತ್ತಕೋಶ ಸಂಕುಚಿಸುವುದಿಲ್ಲ, ರಸ ನಿಂತು ಹರಳಾಗುವ ಅಪಾಯ ಹೆಚ್ಚುತ್ತದೆ. ಹರಳಿದ್ದವರೂ ಆಪರೇಷನ್ ಆದವರೂ ದೀರ್ಘ ವ್ರತ ಹಿಡಿಯುವ ಮೊದಲು ವೈದ್ಯರನ್ನು ಕೇಳಲಿ.

ಸೋನೋಗ್ರಫಿಯಲ್ಲಿ ಹರಳು ಕಂಡವರೆಲ್ಲ ಆಪರೇಷನ್‌ಗೆ ಓಡಬೇಕಿಲ್ಲ. ನೋವೇ ಕೊಡದ ಹರಳನ್ನು ಸಾಮಾನ್ಯವಾಗಿ ಹಾಗೇ ಬಿಡಬಹುದು. ಊಟದ ನಂತರ ಬಲಪಕ್ಕೆಯ ಕೆಳಗೆ ಹಿಂಡುವ ನೋವು ಮತ್ತೆ ಮತ್ತೆ ಬರುತ್ತಿದ್ದರೆ ‘ಪಿತ್ತ ಏರೇತಿ’ ಎಂದು ಅಸಿಡಿಟಿ ಗುಳಿಗೆ ನುಂಗುತ್ತ ಕೂರಬೇಡಿ.

1882ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಖ್ ಮೊದಲ ಬಾರಿ ಪಿತ್ತಕೋಶ ತೆಗೆದಾಗ ಹೊಟ್ಟೆಯನ್ನೇ ಕೊಯ್ಯಬೇಕಿತ್ತು. ಇಂದು ಹೆಚ್ಚಾಗಿ ದುರ್ಬೀನು ಹಾಕಿ ನಾಲ್ಕು ಸಣ್ಣ ರಂಧ್ರಗಳಿಂದ ಮುಗಿಸುತ್ತಾರೆ. ಹಲವರು ಮರುದಿನವೇ ಮನೆಗೆ ಬರುತ್ತಾರೆ. ಹೊಟ್ಟೆಗೆ ತುಂಬಿದ ಅನಿಲದಿಂದ ಎರಡು-ಮೂರು ದಿನ ಭುಜ ನೋಯುವುದುಂಟು, ಹೆದರಬೇಕಿಲ್ಲ. ಹಾಸಿಗೆ ಹಿಡಿಯದೆ ಅಂದೇ ನಾಲ್ಕು ಹೆಜ್ಜೆ ನಡೆಯಿರಿ. ಕಬ್ಬಿನ ಹೊರೆ, ಗೊಬ್ಬರದ ಚೀಲ ಎತ್ತುವುದನ್ನು ಮಾತ್ರ ವೈದ್ಯರು ಹೇಳುವ ತನಕ, ಕೆಲವು ವಾರ, ಬೇರೆಯವರಿಗೆ ಬಿಡಿ.

ಮನೆಗೆ ಬಂದ ಮೇಲೆ ಜ್ವರ, ಕಣ್ಣು ಹಳದಿಯಾಗುವುದು, ಬಿಡದ ವಾಂತಿ, ಏರುತ್ತ ಹೋಗುವ ಹೊಟ್ಟೆನೋವು ಕಂಡರೆ ಅಂದೇ ಆಸ್ಪತ್ರೆಗೆ ಮರಳಿ. ತೆಗೆದ ಪಿತ್ತಕೋಶವನ್ನು ತಪಾಸಣೆಗೆ ಕಳಿಸಿದ್ದರೆ ಆ ರಿಪೋರ್ಟನ್ನು ಕೇಳಿ ಪಡೆಯಿರಿ. ಅಪರೂಪಕ್ಕೆ ಕ್ಯಾನ್ಸರ್ ಮೊದಲು ಕಾಣಿಸುವುದು ಅದರಲ್ಲೇ.