ಹಂದಿಗೆ ನೀತಿ ಸಂಹಿತೆ ಗೊತ್ತಾ ಸ್ವಾಮಿ?

ಚುನಾವಣೆ ಬಂತೆಂದರೆ ಕೆರೆಬಿಳಚಿಯ ಚಹಾದಂಗಡಿಯಲ್ಲಿ ಎರಡು ಜಗಳ ಖಾಯಂ. ಒಂದು ಪಕ್ಷದ್ದು, ಇನ್ನೊಂದು ಕೋವಿಯದು. ಚನ್ನಗಿರಿ ಬಸ್ಸು ತಡವಾದಷ್ಟೂ ಎರಡೂ ಜೋರು.

ಪಕ್ಷದ ಜಗಳ ಎಲ್ಲರಿಗೂ ಗೊತ್ತಿದ್ದದ್ದೇ. ಕೋವಿಯದನ್ನು ಬಿಡಿಸಿ ಹೇಳಬೇಕು. ನೀತಿ ಸಂಹಿತೆ ಜಾರಿಯಾದೊಡನೆ ಲೈಸೆನ್ಸಿನ ಕೋವಿಯನ್ನು ಠಾಣೆಯಲ್ಲಿಡಿ ಎಂದು ಹುಕುಂ ಹೊರಡುತ್ತದೆ. 2023ರ ವಿಧಾನಸಭೆ, 2024ರ ಲೋಕಸಭೆ ಚುನಾವಣೆಗಳಲ್ಲೂ ರಾಜ್ಯದ ಅನೇಕ ಕಡೆ ಹೀಗೇ ಆಯಿತು. ಮಲೆನಾಡು, ಕರಾವಳಿಯ ರೈತರು ಗೊಣಗಿದರು.

"ಹಂದಿಗೆ ನೀತಿ ಸಂಹಿತೆ ಗೊತ್ತಾ ಸ್ವಾಮಿ? ನನ್ನ ಜೋಳ ಯಾರು ಕಾಯ್ತಾರೆ?" ಅಂತ ಹೊಲದವರು. "ಕುಡಿದು ಪ್ರಚಾರಕ್ಕೆ ಬಂದವನ ಕೈಗೆ ಕೋವಿ ಸಿಕ್ಕರೆ ನನ್ನ ಮಗನನ್ನು ಯಾರು ಕಾಯ್ತಾರೆ?" ಅಂತ ಅಂಗಡಿಯವರು. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. "ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ!" ಎಂದು ಮೂರನೆಯವರು ತುಪ್ಪ ಸುರಿಯುತ್ತಾರೆ. ಹೌದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. 2029ರ ತನಕ ಮುಂದುವರಿದಿದೆ. ನಮಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಗತಿ.

ಆದರೆ ಕೂಗಾಡುವವರು ಒಂದು ಸಂಗತಿ ಮರೆಯುತ್ತಾರೆ. ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ಕಸಿಯಬೇಕೆಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರಬೇಕು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕಿದವರು, ಇವರ ಲೈಸೆನ್ಸನ್ನು ಅದು ಮುಖ್ಯವಾಗಿ ನೋಡಬೇಕು. ನಿಜವಾದ ಅಗತ್ಯವಿದ್ದವರು ಚಹಾದಂಗಡಿಯಲ್ಲಿ ಮೇಜು ಗುದ್ದುವ ಬದಲು ಅರ್ಜಿ ಬರೆದುಕೊಡುವುದು ಮೇಲು. ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಗೆ ಪರವಾನಗಿಯಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ ಎಂಬುದೂ ನೆನಪಿರಲಿ.

ಅರ್ಜಿ ತಿರಸ್ಕಾರವಾಯಿತು ಅನ್ನಿ. ಆಗ ರಾತ್ರಿ ಹೊಲ ಕಾಯಲು ಏನು ಉಳಿಯಿತು? ಡಬ್ಬ, ಪಟಾಕಿ, ಟಾರ್ಚು, ಜೊತೆಗೊಬ್ಬ ಮನುಷ್ಯ. ಆ ಮನುಷ್ಯ ಯಾರು? ಬೆಳಿಗ್ಗೆ ಚಹಾದಂಗಡಿಯಲ್ಲಿ "ನೀನು ಆ ಪಕ್ಷದವನು, ನಿನ್ನ ಮಾತು ಬೇಡ" ಎಂದು ಬೈಸಿಕೊಂಡ ಪಕ್ಕದ ಹೊಲದವನೇ! ನೀರಿನ ಸರದಿಗೂ ಅವನೇ ಬೇಕು, ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಗಾಡಿ ತೆಗೆಯುವುದಕ್ಕೂ ಅವನೇ. ಬೆಂಗಳೂರಿನ ನಾಯಕರು ಬರುವುದಿಲ್ಲ.

ನಮ್ಮ ತಾಲ್ಲೂಕಿಗೆ ಇದು ಹೊಸ ಪಾಠವೂ ಅಲ್ಲ. ಇದೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದವರು, 1996ರಲ್ಲಿ ಮುಖ್ಯಮಂತ್ರಿಯಾದವರು. ಎದುರು ಪಕ್ಷದವರನ್ನೂ ನಗಿಸಿ ಮಾತಾಡುತ್ತಿದ್ದರು. ನಮಗೆ ನಗಿಸಲು ಬರದಿದ್ದರೆ ಬೇಡ, ಬೈಯದಿದ್ದರೆ ಸಾಕು.

ಅಂಗಡಿಯವರಿಗೆ ಒಂದು ಕಿವಿಮಾತು: ತಕ್ಕಡಿ ಕೈಯಲ್ಲಿರುವಾಗ ಪಕ್ಷದ ಮಾತು ಎತ್ತಬೇಡಿ. ಬಸ್ಸಿನವರಿಗೆ: ಎದುರಿನವನ ಮಾತು ಮುಗಿಯುವ ತನಕ ಕಾದು ಆಮೇಲೆ ನಿಮ್ಮದು ಹೇಳಿ, ಅಷ್ಟರಲ್ಲಿ ಇಳಿಯುವ ಊರೂ ಬಂದಿರುತ್ತದೆ.

ಫಲಿತಾಂಶ ಬಂದ ಮೇಲೆ ಠಾಣೆಗೆ ರಸೀದಿ ಒಯ್ದರೆ ಕೋವಿ ವಾಪಸ್ ಸಿಗುತ್ತದೆ. ಕಳೆದುಕೊಂಡ ನೆರೆಯವನಿಗೆ ಯಾವ ಠಾಣೆಯೂ ರಸೀದಿ ಕೊಡುವುದಿಲ್ಲ.