ರಾಗಿಯ ಹೊಲಕ್ಕೆ ಬಂದ ಕಬ್ಬು

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದು ಮೈಸೂರು ಸಂಸ್ಥಾನದ ಕೈಗಾರಿಕೆಗೆ ಹೊಸ ಚಾಲನೆ ದೊರೆತರೂ, ಮಂಡ್ಯದ ಬಹುಪಾಲು ರೈತರು ಮಳೆಯನ್ನೇ ನಂಬಿ ರಾಗಿ, ಹುರುಳಿ ಬೆಳೆಯುತ್ತಿದ್ದರು. ಆ ವಿದ್ಯುದಾಗಾರಕ್ಕೆ ಬೇಸಿಗೆಯಲ್ಲೂ ನೀರೊದಗಿಸಬೇಕೆಂಬ ಅಗತ್ಯವೂ 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿಗೆ ಕಾರಣವಾಯಿತು. ಹೊಲಕ್ಕೆ ನೀರು ಬಂದುದರಲ್ಲಿ ಗಣಿಗೂ ಪಾಲುಂಟು. ಆ ಅಣೆಕಟ್ಟಿನ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗ ಹಾದು ಬಂದ ಮೇಲೆ ಒಣಭೂಮಿ ಗದ್ದೆಯಾಗಿ, ಅಲ್ಲಿ ಕಬ್ಬು ಬೆಳೆಯತೊಡಗಿತು. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಸಕ್ಕರೆಯಂಶ ಇಳಿಯುವುದರಿಂದ ಕಾರ್ಖಾನೆ ಗದ್ದೆಗೆ ಹತ್ತಿರವಿರಬೇಕು. ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮಂಡ್ಯದಲ್ಲೇ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮನೆಯ ಕಣಜಕ್ಕೆ ಬೆಳೆಯುತ್ತಿದ್ದವರು ಟನ್ನಿನ ಲೆಕ್ಕದಲ್ಲಿ ಮಾರುವವರಾದರೂ, ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲದ ಅಚ್ಚು ಹಾಕುವುದನ್ನು ಬಿಡಲಿಲ್ಲ.